ಎರಿಗೆ ಒತ್ತಿ ಕೂರಿಸುವ ರಾಣಿ ಪಂಜರ: ಒಳ್ಳೆಯ ಸಾಧನ, ಆದರೆ ನುಸಿ ನೋಡಿ ಬಳಸಿ

ಹೊಸ ರಾಣಿ ಜೇನುನೊಣವನ್ನು ಜೇನುಪೆಟ್ಟಿಗೆಗೆ ಸೇರಿಸಲು ಎರಿಗೆ, ಅಂದರೆ ಮೇಣದ ಕೋಶಗಳ ಹಲ್ಲೆಗೆ, ಒತ್ತಿ ಕೂರಿಸುವ ಜಾಲರಿ ಪಂಜರವೇ ನನಗೆ ಇಷ್ಟ. ಸಕ್ಕರೆ ಮುದ್ದೆ ಇಟ್ಟ ಚಿಕ್ಕ ಪಂಜರದಲ್ಲಿ ರಾಣಿ ಸುಮ್ನೆ ಕೂತಿರಬೇಕು. ಇಲ್ಲಿ ಹಾಗಲ್ಲ, ಮೊಟ್ಟೆ ಇಡಲು ಖಾಲಿ ಕೋಶ, ಪಕ್ಕದಲ್ಲೇ ಜೇನು, ಜೊತೆಗೆ ಆಗಷ್ಟೇ ಕೋಶದಿಂದ ಹೊರಬರುವ ಎಳೆ ನೊಣಗಳು, ಎಲ್ಲ ಜಾಲರಿಯ ಒಳಗೇ ಇರುತ್ತವೆ. ಎಳೆಯವು ಯಾವ ರಾಣಿಯ ಮೇಲೂ ಜಗಳಕ್ಕೆ ಹೋಗುವುದಿಲ್ಲ. ರಾಣಿ ಮೊಟ್ಟೆ ಇಡಲು ಶುರು ಮಾಡಿತು ಅಂದರೆ ಹೊರಗಿನ ಹಳೆಯ ನೊಣಗಳೂ ಅದನ್ನು ಸುಲಭವಾಗಿ ಒಪ್ಪುತ್ತವೆ.

ತೊಂದರೆ ಇರುವುದೂ ಇಲ್ಲೇ. ಈ ಪಂಜರ ನಂಬಿಕೊಂಡಿರುವುದು ಎಳೆ ನೊಣಗಳನ್ನು, ಜೇನುನೊಣಗಳ ಮೈಗೆ ಅಂಟಿ ಬದುಕುವ ವರೋವಾ ಎಂಬ ನುಸಿ ಹಾಳು ಮಾಡುವುದೂ ಅವನ್ನೇ. ಮರಿ ಇರುವ ಕೋಶಕ್ಕೆ ಮೇಣದ ಮುಚ್ಚಳ ಬೀಳುವ ಸ್ವಲ್ಪ ಮುಂಚೆ ನುಸಿ ಒಳಗೆ ನುಗ್ಗುತ್ತದೆ, ಅಲ್ಲೇ ಮರಿ ಮಾಡುತ್ತದೆ, ನೊಣ ಹೊರಬರುವಾಗ ಅದರ ಜೊತೆಗೇ ಹೊರಬರುತ್ತದೆ. ನುಸಿ ಜಾಸ್ತಿ ಇರುವ ಎರಿಯ ಮೇಲೆ ಪಂಜರ ಒತ್ತಿದರೆ ರಾಣಿಯ ಸುತ್ತ ಉಳಿಯುವುದು ರೆಕ್ಕೆ ಮುದುಡಿದ, ಅದಕ್ಕೆ ಆಹಾರ ಕೊಡುವ ಶಕ್ತಿಯೂ ಇಲ್ಲದ ನೊಣಗಳು. ಸರಿಯಾದ ಆರೈಕೆ ಸಿಗದ ರಾಣಿ ಮೊಟ್ಟೆ ಕಡಿಮೆ ಮಾಡುತ್ತದೆ, ಆಮೇಲೆ ಕುಟುಂಬ ಅದನ್ನೇ ಬದಲಾಯಿಸಲು ಹೊಸ ರಾಣಿ ಕೋಶ ಕಟ್ಟುತ್ತದೆ. ಬೈಗುಳ ಮಾತ್ರ ರಾಣಿ ಸಾಕಿ ಕೊಟ್ಟವರಿಗೆ! ಇದು ನನಗೆ ನಿಜಕ್ಕೂ ಬೇಸರ ತರುವ ವಿಷಯ.

ಹಾಗಾಗಿ ಪಂಜರ ಒತ್ತುವ ಮೊದಲು ನುಸಿ ಎಣಿಸಿ. ಅರ್ಧ ಕಪ್ ನೊಣ ಅಂದರೆ ಸುಮಾರು 300, ಆಲ್ಕೋಹಾಲಿನಲ್ಲಿ ತೊಳೆದಾಗ 9 ನುಸಿ ಸಿಕ್ಕರೆ 3% ಆಯಿತು, ಅಷ್ಟಿದ್ದರೆ ಚಿಕಿತ್ಸೆ ಬೇಕೇ ಬೇಕು. ಆಗ ಪಂಜರಕ್ಕೆ ಆ ಪೆಟ್ಟಿಗೆಯ ಎರಿ ಬೇಡ, ನುಸಿ ಕಡಿಮೆ ಇರುವ ಇನ್ನೊಂದು ಪೆಟ್ಟಿಗೆಯಿಂದ ಮರಿ ಹೊರಬರುತ್ತಿರುವ ಚೌಕಟ್ಟು ತಂದುಕೊಳ್ಳಿ.

ರಾಣಿ ಬದಲಿಸುವ ಸಮಯವೇ ಚಿಕಿತ್ಸೆಗೂ ಒಳ್ಳೆಯ ಸಮಯ, ಅಲ್ವಾ? ನುಸಿ ಕೊಲ್ಲಲು ಬಳಸುವ ಆಕ್ಸಾಲಿಕ್ ಆಸಿಡ್ ಮುಚ್ಚಿದ ಕೋಶದೊಳಗೆ ಇಳಿಯುವುದಿಲ್ಲ. ಹಳೆ ರಾಣಿ ತೆಗೆದು 21 ದಿನಕ್ಕೆ ಕೆಲಸಗಾರ ಮರಿಗಳೆಲ್ಲ ಹೊರಬಂದಿರುತ್ತವೆ, ಗಂಡು ಮರಿಗೆ 24 ದಿನ. ಹೊಸ ರಾಣಿಯ ಮೊದಲ ಮರಿಗೆ ಮುಚ್ಚಳ ಬೀಳಲು ಮೊಟ್ಟೆ ಇಟ್ಟು ಸುಮಾರು 9 ದಿನ ಬೇಕು. ಈ ಲೆಕ್ಕ ಹೊಂದಿಸಿಕೊಂಡರೆ ನುಸಿಗೆ ಅಡಗುವ ಜಾಗವೇ ಇರುವುದಿಲ್ಲ. ಇನ್ನೊಂದು ಔಷಧಿ ಫಾರ್ಮಿಕ್ ಆಸಿಡ್ ಮುಚ್ಚಳದೊಳಗೂ ಕೆಲಸ ಮಾಡುತ್ತದೆ ನಿಜ, ಆದರೆ ಅದಕ್ಕೆ ರಾಣಿಯೇ ಸಾಯಬಹುದು, ಹೊಸ ರಾಣಿ ಪಂಜರದಲ್ಲಿ ಇರುವಾಗ ಬೇಡವೇ ಬೇಡ.

ಪಂಜರದ ಬಗ್ಗೆ ಒಂದೇ ದೂರು. ಗಿಡ್ಡ ಹಲ್ಲಿನ ಪ್ಲಾಸ್ಟಿಕ್ ಪಂಜರ ಮೆತ್ತಗಿನ ಎರಿಯಲ್ಲಿ ನಿಲ್ಲುವುದಿಲ್ಲ, ನೊಣಗಳು ಅಡಿಯಿಂದ ಕೊರೆದು ಒಳಗೆ ಬಂದು ರಾಣಿಯನ್ನು ಮುತ್ತುತ್ತವೆ. ಅಂಚು ಉದ್ದ ಇರುವ ತಂತಿ ಜಾಲರಿಯದ್ದನ್ನೇ ತಗೊಳ್ಳಿ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ.