ಕೆರಾಟಿನ್ ಕಂಡಿಷನರ್: ಮಡಿಕೇರಿ ಮಳೆಯಲ್ಲಿ ಬಳಸಿ ನೋಡಿದ್ದು

ಈ ಕಂಡಿಷನರಿನಲ್ಲಿ ಪ್ರಾಣಿಮೂಲದ ಪ್ರೊಟೀನ್ ಎರಡಿವೆ. ಕೆರಾಟಿನ್ ತೆಗೆಯುವುದು ಕುರಿಯ ಉಣ್ಣೆ, ಹಕ್ಕಿಯ ಪುಕ್ಕ, ಕೊಂಬು, ಗೊರಸುಗಳಿಂದ, ಇನ್ನೊಂದು ರೇಷ್ಮೆಗೂಡಿನದು. ಇದನ್ನು ಓದಿ ಹೇಳಿದಾಗ, ಪಂದಿಕರಿಯನ್ನು ಎರಡನೇ ಸಲ ಬಡಿಸಿಕೊಳ್ಳುವ ನಮ್ಮ ಅತ್ತೆಯೇ ‘ತಲೆಗೆ ಗೊರಸೇ?’ ಎಂದು ಮೂಗು ಮುರಿದರು.

ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗುವುದಿಲ್ಲ, ಇನ್ನು ಕೂದಲೆಲ್ಲಿ? ತೇವಕ್ಕೆ ಉಬ್ಬಿ ಸಿಕ್ಕಾಗುತ್ತದೆ. ಈಗ ಬಾಚಣಿಗೆ ಸರಾಗವಾಗಿ ಇಳಿಯುತ್ತದೆ. ಅಷ್ಟೇ. ‘ಒಳಗಿನಿಂದ ದುರಸ್ತಿ’ ಎಂಬ ಜಾಹೀರಾತನ್ನು ನಾನು ನಂಬುವುದಿಲ್ಲ. ಪ್ರೊಟೀನ್ ಹೆಚ್ಚಾಗಿ ಕೂದಲಿನ ಮೇಲೆ ತೆಳು ಪದರವಾಗಿ ಕೂರುತ್ತದೆ, ಸ್ನಾನದಲ್ಲಿ ತೊಳೆದುಹೋಗುತ್ತದೆ. ವಾರಕ್ಕೊಮ್ಮೆ ಸಾಕು, ಅತಿಯಾದರೆ ಕೂದಲು ತೆಂಗಿನ ನಾರಿನಂತೆ ಬಿರುಸಾಗುತ್ತದೆ.

ಸುರಕ್ಷಿತವೇ ಎಂದು ಕೇಳುವವರು ಮೊದಲು ಎತ್ತುವುದು ದನಗಳ ಮಿದುಳನ್ನು ಕೆಡಿಸುವ, ಮನುಷ್ಯರಿಗೂ ತಗಲಬಲ್ಲ ಹುಚ್ಚುಹಸು ರೋಗದ ಮಾತು. ಆ ಅಪಾಯ ಇರುವುದು ದನದ ಮಿದುಳು, ಬೆನ್ನುಹುರಿಯಂಥ ಭಾಗಗಳಲ್ಲಿ. ಅಮೆರಿಕ 2004ರಲ್ಲೇ ಅವುಗಳನ್ನು ಸೌಂದರ್ಯವರ್ಧಕಗಳಲ್ಲಿ ಬಳಸದಂತೆ ತಡೆಯಿತು. ಉಣ್ಣೆ, ರೇಷ್ಮೆಗೆ ಅದನ್ನು ತಳುಕು ಹಾಕಬೇಕಿಲ್ಲ. ಅಲರ್ಜಿ ಮಾತ್ರ ನಿಜವಾದ ಚಿಂತೆ. ಹಾಲು ಆಗದವರು ಹಾಲಿನ ಪ್ರೊಟೀನ್, ಮೀನು ಆಗದವರು ಮೀನಿನ ಕೊಲಾಜೆನ್ ಎಂಬ ಪ್ರೊಟೀನ್ ಇರುವ ಕ್ರೀಮುಗಳನ್ನು ವೈದ್ಯರನ್ನು ಕೇಳದೆ ಹಚ್ಚಬಾರದು. ಹಾಗೆಂದು ಸಸ್ಯಮೂಲವಾದರೆ ನಿಶ್ಚಿಂತೆ ಎನ್ನುವಂತೆಯೂ ಇಲ್ಲ: ಜಪಾನಿನಲ್ಲಿ ಮುಖದ ಸಾಬೂನೊಂದರ ಗೋಧಿ ಪ್ರೊಟೀನಿನಿಂದಾಗಿ ಎರಡು ಸಾವಿರಕ್ಕೂ ಹೆಚ್ಚು ಜನರಿಗೆ ಗೋಧಿ ತಿಂದರೇ ಅಲರ್ಜಿಯಾಗತೊಡಗಿತು, 2011ರಲ್ಲಿ ಆ ಸಾಬೂನನ್ನು ಮಾರುಕಟ್ಟೆಯಿಂದ ಹಿಂಪಡೆದರು. ನಾನು ಮೊದಲು ಮೊಣಕೈಯ ಒಳಬದಿಗೆ ಹಚ್ಚಿ ನೋಡಿದೆ. ತುರಿಕೆ ಬರಲಿಲ್ಲ, ಇವತ್ತಿನವರೆಗೂ ಬಂದಿಲ್ಲ.

ಮದುವೆಯ ಸೀಸನ್ನಿನಲ್ಲಿ ಪಾರ್ಲರ್‌ಗಳು ಮಾಡುವ ‘ಕೆರಾಟಿನ್ ಟ್ರೀಟ್‌ಮೆಂಟ್’ ಅನ್ನು ಇದರ ಜೊತೆ ಸೇರಿಸಬೇಡಿ. ಅಲ್ಲಿ ಕೂದಲನ್ನು ನೇರ ಮಾಡುವುದು ಕೆರಾಟಿನ್ ಅಲ್ಲ. ಎಷ್ಟೋ ದ್ರಾವಣಗಳಲ್ಲಿ ಆ ಕೆಲಸ ಫಾರ್ಮಾಲ್ಡಿಹೈಡ್ ಅಥವಾ ಗ್ಲೈಆಕ್ಸಿಲಿಕ್ ಆಮ್ಲದ್ದು. ಮೊದಲನೆಯದು ಕ್ಯಾನ್ಸರ್‌ಕಾರಕ, ಬಿಸಿ ಇಸ್ತ್ರಿ ಎಳೆದಾಗ ಅದರ ಆವಿ ಮೂಗಿಗೇ ಬರುತ್ತದೆ. ಎರಡನೆಯದನ್ನು ಬಳಸಿದ ಬಳಿಕ ಮೂತ್ರಪಿಂಡಕ್ಕೆ ಪೆಟ್ಟಾದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಉಣ್ಣೆಯ ಪ್ರೊಟೀನಿಗೆ ಹೆದರಿ ಆ ಹೊಗೆಯಲ್ಲಿ ಗಂಟೆಗಟ್ಟಲೆ ಕೂರುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ.

ಒಂದು ದೂರು ಇದೆ. ಡಬ್ಬಿಯ ಬಾಯಿ ಅಗಲ. ಬಚ್ಚಲಿನಲ್ಲಿ ಒದ್ದೆ ಕೈ ಹಾಕದೆ ವಿಧಿಯಿಲ್ಲ, ನೀರು ಸೇರಿದರೆ ಇಂಥ ಕ್ರೀಮು ಬೇಗ ಕೆಡುತ್ತದೆ, ಅದರಲ್ಲೂ ನಮ್ಮ ಮಳೆಗಾಲದಲ್ಲಿ. ಒಣ ಚಮಚ ಇಟ್ಟುಕೊಂಡಿದ್ದೇನೆ. ಪಂಪ್ ಬಾಟಲಿ ಕೊಟ್ಟಿದ್ದರೆ ಐದು ನಕ್ಷತ್ರ, ಸದ್ಯಕ್ಕೆ ನಾಲ್ಕು.