ಸೆಕೆಂಡ್ ಹ್ಯಾಂಡ್ .22 ಪಿಸ್ತೂಲ್ ಕೊಳ್ಳುವ ಮುಂಚೆ ಚೇಂಬರ್ ಬಾಯಿಗೆ ಟಾರ್ಚ್ ಬಿಡಿ

ಟೆಕ್ಸಾಸ್ ಕಡೆ ಇರುವ ಕನ್ನಡದವರು ಇದನ್ನು ದಯವಿಟ್ಟು ಪೂರ್ತಿ ಓದಿ. ಟಾರ್ಗೆಟ್ ಹೊಡೆಯಲು, ವಾರಾಂತ್ಯದಲ್ಲಿ ಸುಮ್ನೆ ಖಾಲಿ ಡಬ್ಬಿ ಉರುಳಿಸಲು ಒಂದು .22 ಪಿಸ್ತೂಲ್ ತಗೋಬೇಕು ಅಂತಿದ್ದೀರಾ? ಅಂಗಡಿಯವನು ನಿಮ್ಮನ್ನು ಗಾಜಿನ ಕೌಂಟರಿನ ಆ ತುದಿಗೆ, 'ಯೂಸ್ಡ್' ಅಂತ ಚೀಟಿ ಹಚ್ಚಿರುವ ಕಡೆಗೆ ಕರೆದುಕೊಂಡು ಹೋದರೆ ಅಲ್ಲೇ ಹುಷಾರಾಗಿ. ನನಗಾಗಿದ್ದು ನಿಮಗೆ ಆಗಬಾರದು. ದುಡ್ಡು ಹೋಯಿತು, ಸರಿ. ಆದರೆ ಎದುರಿಗೆ ನಿಂತು ಸುಳ್ಳು ಹೇಳಿ, ಆಮೇಲೆ ನನ್ನ ತಲೆ ಮೇಲೇ ಗೂಬೆ ಕೂರಿಸಿದರಲ್ಲ, ಅದು ಇನ್ನೂ ಉರಿಯುತ್ತಿದೆ.

ಕಾಲೇಜಿನಲ್ಲಿ ಎನ್‌ಸಿಸಿಗೆ ಹೋದವರಿಗೆ .22 ಅಂದರೆ ಏನು ಅಂತ ಹೇಳಬೇಕಿಲ್ಲ. ಕ್ಯಾಂಪಿನಲ್ಲಿ ಮಣ್ಣಿನ ಮೇಲೆ ಮಲಗಿ ರೈಫಲ್ ಹೊಡೆದ ರುಚಿ ಹಾಗೇ ಉಳಿದಿರುತ್ತದೆ. ಗ್ರೀನ್ ಕಾರ್ಡ್ ಬಂದ ಮೇಲೆ ಆ ಆಸೆ ಮತ್ತೆ ಎದ್ದಿತು. .22 ಎಲ್‌ಆರ್ (ಲಾಂಗ್ ರೈಫಲ್, ಸುಮಾರು 0.22 ಇಂಚು ಅಗಲದ ಗುಂಡು) ಅಗ್ಗ. 40 ಗ್ರೇನ್ ಸೀಸ, ಅಂದರೆ ಎರಡೂವರೆ ಗ್ರಾಂಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಕೈಗೆ ಒದೆಯುವುದಿಲ್ಲ, ಸದ್ದಿಗೆ ಬೆಚ್ಚಿಬೀಳುವ ಹಾಗಿಲ್ಲ. ಕಲಿಯಲು ಇದಕ್ಕಿಂತ ಒಳ್ಳೆಯದಿಲ್ಲ ಅಂತ ಎಲ್ಲರೂ ಹೇಳುತ್ತಾರೆ, ನಿಜವೂ ಹೌದು.

ನಾನು ಓದಿಕೊಂಡೇ ಹೋಗಿದ್ದೆ. ರೂಗರ್ ಮಾರ್ಕ್ ಫೋರ್, ಬ್ರೌನಿಂಗ್ ಬಕ್ ಮಾರ್ಕ್, ಸ್ಮಿತ್ ಅಂಡ್ ವೆಸನ್ ವಿಕ್ಟರಿ, ಈ ಮೂರರಲ್ಲಿ ಒಂದು ಅಂತ ಮನಸ್ಸಿನಲ್ಲಿತ್ತು. ಈ ಮೂರರಲ್ಲೂ ಬ್ಯಾರೆಲ್ ಅಲುಗಾಡುವುದಿಲ್ಲ. ಗುಂಡು ಹಾರಿದಾಗ ಹಿಂದೆ ಮುಂದೆ ಓಡುವುದು ಹಿಂಭಾಗದ ಬೋಲ್ಟ್‌ನಂಥ ತುಂಡು ಮಾತ್ರ. ಗುರಿ ನೋಡುವ ಹಿಂದಿನ ಸೈಟ್, ಮುಂದಿನ ಸೈಟ್ ಎರಡೂ ಇದ್ದಲ್ಲೇ ಇರುತ್ತವೆ. 25 ಗಜದಲ್ಲಿ ಕಾಗದದ ಮೇಲೆ ಗುಂಡುಗಳ ಗುಂಪು ಚಿಕ್ಕದಾಗಿ ಕೂರಬೇಕೆಂದರೆ ಇದು ತುಂಬಾ ಅನುಕೂಲ.

ಅಂಗಡಿ ದೊಡ್ಡದು, ಹೈವೇ ಪಕ್ಕದಲ್ಲೇ ಇದೆ. ಹೆಸರು ಇಲ್ಲಿ ಹಾಕುವುದಿಲ್ಲ. ಕೌಂಟರಿನವನು ಮೊದಲು ಕೇಳಿದ್ದೇ "ಇದು ನಿಮ್ಮ ಮೊದಲನೇ ಗನ್ನಾ?" ಅಂತ. ಹೌದು ಅಂದೆ. ಅಲ್ಲಿಂದ ಅವನ ಧಾಟಿಯೇ ಬದಲಾಯಿತು. ಮಾರ್ಕ್ ಫೋರ್ ತೋರಿಸಿ ಅಂದರೆ "ಅದು ವಯಸ್ಸಾದವರ ಗನ್" ಅಂದ. ಬಕ್ ಮಾರ್ಕ್ ಸ್ಟಾಕ್ ಇಲ್ಲ ಅಂದ. ನನ್ನ ಕಣ್ಣೆದುರೇ ಗೋಡೆ ಮೇಲೆ ಒಂದು ಇತ್ತು. ಅದು ಬೇರೆಯವರಿಗೆ ಎತ್ತಿಟ್ಟಿದ್ದಂತೆ.

ಅವನು ಕೈಗೆ ಕೊಟ್ಟಿದ್ದು ನೋಡಲು ಪೊಲೀಸರ ನೈನ್ ಎಂಎಂ ಥರವೇ ಇರುವ ಒಂದು .22. ಮೇಲೆ ಹಿಂದೆ ಮುಂದೆ ಸರಿಯುವ ಸ್ಲೈಡ್, ಗಿಡ್ಡ ಬ್ಯಾರೆಲ್. ಸ್ಲೈಡ್ ಉಕ್ಕಿನದಲ್ಲ, ಸತುವಿನ ಮಿಶ್ರಲೋಹದ್ದು. ಅದನ್ನು ಅವನು ಬಾಯಿಬಿಡಲಿಲ್ಲ, ಆಮೇಲೆ ಗೊತ್ತಾಗಿದ್ದು. ಚೀಟಿಯಲ್ಲಿ 'ಲೈಕ್ ನ್ಯೂ' ಅಂತ ಬರೆದಿತ್ತು. ಒಳಗಿಂದ ಪ್ಲಾಸ್ಟಿಕ್ ಟ್ಯಾಗ್ ತೂರಿಸಿ ಬಿಗಿದಿದ್ದರು. "ಇದನ್ನು ಬಿಚ್ಚಿ, ಚೇಂಬರ್ ಒಳಗೆ ನೋಡಬೇಕು" ಅಂದೆ. ಚೇಂಬರ್ ಅಂದರೆ ಬ್ಯಾರೆಲ್ಲಿನ ಹಿಂಬದಿಯಲ್ಲಿ ಗುಂಡು ಕೂರುವ ಗೂಡು. "ಪೇಪರ್ ಆದ ಮೇಲೆ ಬಿಚ್ಚುತ್ತೇವೆ, ಅದು ನಮ್ಮ ಪಾಲಿಸಿ" ಅಂದ. "ಹಿಂದಿನ ಓನರ್ ಇದರಲ್ಲಿ ಒಂದು ಡಬ್ಬಿ ಗುಂಡೂ ಖಾಲಿ ಮಾಡಿಲ್ಲ. ನಮ್ಮ ಗನ್‌ಸ್ಮಿತ್ ಪೂರ್ತಿ ಚೆಕ್ ಮಾಡಿದ್ದಾನೆ. ಟಾರ್ಗೆಟ್‌ಗೂ ಆಯಿತು, ಡಬ್ಬಿ ಹೊಡೆಯಲಿಕ್ಕೂ ಆಯಿತು."

ನಮ್ಮ ಗನ್‌ಸ್ಮಿತ್ ಪೂರ್ತಿ ಚೆಕ್ ಮಾಡಿದ್ದಾನೆ. ಗನ್ ರಿಪೇರಿ ಮಾಡುವವನ ಬಗ್ಗೆ ಹೇಳಿದ ಈ ಮಾತು ನೆನಪಿಟ್ಟುಕೊಳ್ಳಿ.

ಗನ್ ಕೊಳ್ಳುವಾಗ ತುಂಬಬೇಕಾದ ಫೆಡರಲ್ 4473 ಫಾರ್ಮ್ ತುಂಬಿದೆ, ಬ್ಯಾಕ್‌ಗ್ರೌಂಡ್ ಚೆಕ್ ಆಯಿತು, ಕಾರ್ಡ್ ಉಜ್ಜಿದ. ಟ್ಯಾಗ್ ಕತ್ತರಿಸಿದ್ದೂ ಒಂದೇ, ಪಿಸ್ತೂಲನ್ನು ಡಬ್ಬಿಗೆ ಹಾಕಿ ಮುಚ್ಚಿದ್ದೂ ಒಂದೇ. ತೆಗೆದು ನೋಡಲು ಕೈ ಚಾಚಿದರೆ "ಮನೆಗೆ ಹೋಗಿ ನೋಡಿ ಸರ್, ಕೌಂಟರ್ ಮೇಲೆ ಕ್ಯೂ ಇದೆ" ಅಂದ. ಒಳಗೆಲ್ಲ ಎಣ್ಣೆ ಬಳಿದಿದ್ದರು, ಜಿಡ್ಡು ಕೈಗೆ ಮೆತ್ತಿಕೊಳ್ಳುವಷ್ಟು.

ಶೂಟಿಂಗ್ ರೇಂಜ್‌ಗೆ ಹೋದಾಗ ಜೊತೆಗೆ ಇಬ್ಬರು ಸ್ನೇಹಿತರಿದ್ದರು. ಹತ್ತು ಗುಂಡಿನ ಮ್ಯಾಗಝೀನ್ ಹಾಕಿ ಟ್ರಿಗರ್ ಎಳೆದೆ. ಟಿಕ್. ಗುಂಡು ಹಾರಲಿಲ್ಲ. ಮೂತಿ ಟಾರ್ಗೆಟ್ ಕಡೆಗೇ ಹಿಡಿದು ಮೂವತ್ತು ಸೆಕೆಂಡ್ ಕಾದು ಅದನ್ನು ಹೊರಗೆ ತೆಗೆದೆ. (ಇದನ್ನು ಯಾರೂ ಮರೆಯಬೇಡಿ. ತಡವಾಗಿ ಹಾರುವ ಗುಂಡೂ ಇರುತ್ತದೆ.) ಮುಂದಿನದು ಹಾರಿತು, ಆದರೆ ಖಾಲಿ ಕೇಸ್ (ಗುಂಡಿನ ಹಿತ್ತಾಳೆ ಚಿಪ್ಪು) ಹೊರಗೆ ಬರದೆ ಚೇಂಬರ್‌ನಲ್ಲೇ ಕಚ್ಚಿಕೊಂಡಿತು. ಕಡ್ಡಿ ತೂರಿಸಿ ತಳ್ಳಬೇಕಾಯಿತು. ಮತ್ತೆ ಟಿಕ್. ಮತ್ತೆ ಕಚ್ಚಿಕೊಂಡಿತು. ಪಕ್ಕದ ಲೇನಿನಲ್ಲಿ ಹನ್ನೆರಡು ಹದಿಮೂರು ವರ್ಷದ ಹುಡುಗಿ ಅಪ್ಪನ ಜೊತೆ ನಿಂತು ಪಟಪಟ ಅಂತ ಹೊಡೆಯುತ್ತಿದ್ದಳು, ನಾನು ಕಡ್ಡಿ ಹಿಡಿದು ನಿಂತಿದ್ದೆ. ರೇಂಜ್ ಆಫೀಸರ್ ಎರಡು ಸಲ ಬಂದು ನೋಡಿ ಹೋದ. ಹೇಗನಿಸಿರಬೇಡ ಹೇಳಿ.

ಅಂಗಡಿಗೆ ಫೋನ್ ಮಾಡಿದೆ. ಅವನೇ ಎತ್ತಿದ. "ಯಾವ ಗುಂಡು?" ಅಂದ. ಹೇಳಿದೆ. "ಅದಕ್ಕೇ. ಸ್ಟ್ಯಾಂಡರ್ಡ್ ವೆಲಾಸಿಟಿ ಈ ಗನ್‌ಗೆ ಆಗಿಬರಲ್ಲ. ಮಿನಿ ಮ್ಯಾಗ್ ಹಾಕಿ, ಬೆಣ್ಣೆ ಥರ ಓಡುತ್ತೆ." ಇದರಲ್ಲಿ ಅರ್ಧ ಸತ್ಯ ಇದೆ, ಅದಕ್ಕೇ ನಂಬಿಕೆ ಬರುತ್ತದೆ. ಸ್ಟ್ಯಾಂಡರ್ಡ್ ಗುಂಡು ಸೆಕೆಂಡಿಗೆ 1070 ಅಡಿ ಆಸುಪಾಸು, ಸಿಸಿಐ ಕಂಪನಿಯ ಮಿನಿ ಮ್ಯಾಗ್ ಗುಂಡು 1235 ಅಡಿ. ಸ್ಲೈಡ್ ಇರುವ .22ಗಳಿಗೆ ಹಿಂದೆ ತಳ್ಳಲು ಜಾಸ್ತಿ ಶಕ್ತಿ ಬೇಕು, ಎಷ್ಟೋ ಕಂಪನಿಗಳು ತಾವೇ ಹಾಗಂತ ಬರೆದಿರುತ್ತವೆ. ಆದರೆ ನನ್ನ ತೊಂದರೆ ಅದಲ್ಲ. ಗುಂಡೇ ಹಾರುತ್ತಿಲ್ಲ! ಹಾರದ ಗುಂಡಿಗೆ ವೇಗ ಎಲ್ಲಿಂದ ಬರಬೇಕು? ಆದರೂ ಅಂಗಡಿಗೆ ಹೋಗಿ ಅವರದೇ ಮಿನಿ ಮ್ಯಾಗ್ ತಂದೆ. ಅದೇ ಟಿಕ್, ಅದೇ ಕಡ್ಡಿ.

ಜೊತೆಗಿದ್ದವರಲ್ಲಿ ಒಬ್ಬ ಕೊಡಗಿನವನು. ಮನೆಯಲ್ಲಿ ಕೋವಿ ನೋಡಿಕೊಂಡೇ ಬೆಳೆದವನು, ಕೈಲ್ ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆದವನು. ಅವನು ಮಾತಾಡದೆ ಹಾರದ ಗುಂಡುಗಳನ್ನು ಆರಿಸಿಕೊಂಡ. ಅಂಚಿನ ಮೇಲೆ ಫೈರಿಂಗ್ ಪಿನ್ನಿನ (ಗುಂಡಿಗೆ ಬಡಿದು ಹಾರಿಸುವ ಮೊಳೆ) ಗುರುತು ಇತ್ತು, ಆದರೆ ಆಳವೇ ಇರಲಿಲ್ಲ. ಅವನ್ನು ತನ್ನ ಮಾರ್ಕ್ ಫೋರ್‌ಗೆ ತುಂಬಿ ಹೊಡೆದ. ಒಂದೂ ಬಿಡದೆ ಹಾರಿದವು. ಆಮೇಲೆ ನನ್ನ ಪಿಸ್ತೂಲ್ ಖಾಲಿ ಮಾಡಿ, ಬಿಚ್ಚಿ, ಬ್ಯಾರೆಲ್ ಹೊರಗೆ ತೆಗೆದು ಎಣ್ಣೆ ಒರೆಸಿದ. ಮೊಬೈಲ್ ಟಾರ್ಚ್ ಬಿಟ್ಟು "ಇಲ್ಲಿ ನೋಡು" ಅಂದ.

ಚೇಂಬರ್ ಬಾಯಿಯ ಅಂಚಿನಲ್ಲಿ, ಫೈರಿಂಗ್ ಪಿನ್ ಬಂದು ಬಡಿಯುವ ಜಾಗದಲ್ಲಿ ಸರಿಯಾಗಿ ಒಂದು ಗುಳಿ. ಅಕ್ಕಿಕಾಳಿನ ತುದಿಯಷ್ಟು ಇರಬಹುದು. ಗುಳಿ ಬಿದ್ದ ಕಡೆಯ ಲೋಹ ಒಳಕ್ಕೆ ಉಬ್ಬಿ ಚೇಂಬರ್ ದಾರಿಗೆ ಚಾಚಿಕೊಂಡಿತ್ತು. ಉಗುರು ಎಳೆದರೆ ಸಿಕ್ಕಿಕೊಳ್ಳುತ್ತಿತ್ತು. ಒಂದು ಡಬ್ಬಿ ಗುಂಡೂ ಹೊಡೆಯದ ಗನ್ನಂತೆ. ಯಾರೋ ಪುಣ್ಯಾತ್ಮ ಟಿವಿ ನೋಡುತ್ತಾ ಕೂತು ಖಾಲಿ ಪಿಸ್ತೂಲಿನ ಟ್ರಿಗರ್ ಎಳೆದಿದ್ದಾನೆ, ಸಾವಿರಾರು ಸಲ.

ಇದು ರಿಮ್‌ಫೈರ್‌ಗೇ, ಅಂದರೆ ಅಂಚಿಗೆ ಬಡಿದು ಹಾರಿಸುವ ಗುಂಡಿನ ಗನ್‌ಗಳಿಗೇ, ಇರುವ ಕಾಯಿಲೆ. ನೈನ್ ಎಂಎಂ ಗುಂಡಿಗೆ ಪಿನ್ ನಡುವೆ ಬಡಿಯುತ್ತದೆ. .22ರಲ್ಲಿ ಕಿಡಿ ಹೊತ್ತಿಸುವ ಮದ್ದು ಇರುವುದೇ ಅಂಚಿನೊಳಗೆ, ಹಾಗಾಗಿ ಪಿನ್ ಅಂಚಿಗೆ ಬಡಿಯಬೇಕು. ಒಳಗೆ ಗುಂಡು ಇಲ್ಲದಿದ್ದರೆ ಕೆಲವು ಪಿಸ್ತೂಲ್‌ಗಳಲ್ಲಿ ಆ ಏಟು ನೇರ ಬ್ಯಾರೆಲ್ಲಿನ ಅಂಚಿಗೆ ಬೀಳುತ್ತದೆ. ರೂಗರ್ ಮಾರ್ಕ್ ಸಾಲಿನಲ್ಲಿ ಪಿನ್ನನ್ನು ತಡೆಯುವ ಒಂದು ಚಿಕ್ಕ ಸ್ಟಾಪ್ ಇದೆ, ಎಲ್ಲದರಲ್ಲೂ ಹಾಗಿಲ್ಲ. ಗುಳಿ ಬಿದ್ದು ಲೋಹ ಉಬ್ಬಿದರೆ ಗುಂಡು ಪೂರ್ತಿ ಒಳಗೆ ಕೂರುವುದಿಲ್ಲ. ಮೊದಲ ಏಟು ಗುಂಡನ್ನು ಒಳಕ್ಕೆ ತಳ್ಳುವುದರಲ್ಲೇ ಮುಗಿದುಹೋಗುತ್ತದೆ. ಹಾರಿದರೆ ಖಾಲಿ ಕೇಸ್ ಆ ಉಬ್ಬಿಗೆ ಕಚ್ಚಿಕೊಳ್ಳುತ್ತದೆ. ನನ್ನ ಎರಡೂ ತೊಂದರೆ ಅಲ್ಲೇ ಇತ್ತು, ಟಾರ್ಚ್ ಬಿಟ್ಟರೆ ಕಾಣುವ ಜಾಗದಲ್ಲಿ. ಟ್ಯಾಗ್ ಯಾಕೆ ಬಿಚ್ಚಲಿಲ್ಲ, ಎಣ್ಣೆ ಯಾಕೆ ಅಷ್ಟು ಬಳಿದಿದ್ದರು ಅಂತ ಆಗ ಅರ್ಥವಾಯಿತು.

ಫೋಟೋ ತೆಗೆದುಕೊಂಡು ಅಂಗಡಿಗೆ ಹೋದೆ. ಅವನು ಫೋಟೋ ನೋಡಲೇ ಇಲ್ಲ. "ನೀವು ಡ್ರೈ ಫೈರ್ ಮಾಡಿದ್ದೀರಿ" ಅಂದ, ಅಂದರೆ ಖಾಲಿ ಪಿಸ್ತೂಲಿನ ಟ್ರಿಗರ್ ಎಳೆದಿದ್ದೀರಿ ಅಂತ. ಮೊದಲ ಮಾತೇ ಅದು! ತಂದು ವಾರವೂ ಆಗಿಲ್ಲ, ರೇಂಜ್ ಬಿಟ್ಟು ಬೇರೆಲ್ಲೂ ಟ್ರಿಗರ್ ಮುಟ್ಟಿಲ್ಲ ಅಂದೆ. "ಮೊದಲನೇ ಗನ್ ಅಂದಿದ್ದಿರಿ ಅಲ್ವಾ, ಹೊಸಬರು ಎಲ್ಲರೂ ಮಾಡುತ್ತಾರೆ" ಅಂದ. ನಾನು ನಂಬಿ ಹೇಳಿದ ಮಾತನ್ನೇ ತಿರುಗಿಸಿ ನನಗೇ ಹೊಡೆದ. ನಿಮ್ಮ ಗನ್‌ಸ್ಮಿತ್ ಚೆಕ್ ಮಾಡಿದ್ದಾನೆ ಅಂದಿದ್ದಿರಲ್ಲ, ಅವನನ್ನು ಕರೆಯಿರಿ ಅಂದೆ. ಗನ್‌ಸ್ಮಿತ್ ಬರುವುದು ಮಂಗಳವಾರ ಮಾತ್ರ ಅಂತೆ. ಮಂಗಳವಾರ ಹೋದರೆ ಆ ಮನುಷ್ಯ ಈ ಪಿಸ್ತೂಲನ್ನು ಯಾವತ್ತೂ ನೋಡೇ ಇಲ್ಲ. ಪಾಪ, ಅವನು ಹಾಗಂತ ನೇರವಾಗಿ ಹೇಳಿದ. ಯೂಸ್ಡ್ ಕೌಂಟರಿನವು ತನ್ನ ಟೇಬಲ್ಲಿಗೆ ಬರುವುದೇ ಇಲ್ಲ ಅಂದ.

ಮ್ಯಾನೇಜರ್ ಬಂದ. ನಗುನಗುತ್ತಲೇ "ಗನ್ ಒಮ್ಮೆ ಬಾಗಿಲು ದಾಟಿದರೆ ವಾಪಸ್ ತಗೊಳ್ಳಲು ಫೆಡರಲ್ ಕಾನೂನು ಬಿಡಲ್ಲ ಸರ್, ನಮ್ಮ ಕೈಯಲ್ಲಿಲ್ಲ" ಅಂದ. ಸರಿ ಅಂತ ತಿರುಗುವಷ್ಟರಲ್ಲಿ, ಅದೇ ಉಸಿರಿನಲ್ಲಿ, "ಬೇಕಿದ್ದರೆ ಇದನ್ನು ಅರ್ಧ ಬೆಲೆಗೆ ನಾವೇ ಕೊಳ್ಳುತ್ತೇವೆ, ಹೊಸದರ ಮೇಲೆ ಹಾಕಿಕೊಳ್ಳಿ" ಅಂದ.

ಕೇಳಿದಿರಾ? ವಾಪಸ್ ತಗೊಳ್ಳಲು ಕಾನೂನು ಬಿಡಲ್ಲ, ಅರ್ಧ ಬೆಲೆಗೆ ಕೊಳ್ಳಲು ಬಿಡುತ್ತದೆ. ಅದೇ ಗನ್, ಅದೇ ನಾನು, ಅದೇ ಕೌಂಟರ್. ಅಂಥ ಫೆಡರಲ್ ಕಾನೂನೇ ಇಲ್ಲ. ಲೈಸೆನ್ಸ್ ಇರುವ ಅಂಗಡಿ ತನ್ನ ಪುಸ್ತಕದಲ್ಲಿ ಬರೆದುಕೊಂಡು ವಾಪಸ್ ತಗೊಳ್ಳಬಹುದು. ತಗೊಳ್ಳದೇ ಇರುವುದು ಅವರ ಪಾಲಿಸಿ, ಅಷ್ಟೇ. ಪಾಲಿಸಿ ಅಂತಲೇ ಹೇಳಿದ್ದರೆ ನಾನು ಇಷ್ಟು ಕೂಗಾಡುತ್ತಿರಲಿಲ್ಲ. ಹೊರದೇಶದಿಂದ ಬಂದವನು, ಕಾನೂನು ಅಂದರೆ ಹೆದರಿ ಸುಮ್ಮನಾಗುತ್ತಾನೆ ಅಂದುಕೊಂಡರು. ಅರ್ಧ ಬೆಲೆಗೆ ಕೊಂಡು ಮತ್ತೆ ಎಣ್ಣೆ ಬಳಿದು, ಟ್ಯಾಗ್ ಬಿಗಿದು, 'ಲೈಕ್ ನ್ಯೂ' ಚೀಟಿ ಹಚ್ಚಿ ಮುಂದಿನವನಿಗೆ ಮಾರುತ್ತಾರೆ. ಆ ಗುಳಿ ಹಿಂದೆ ಎಷ್ಟು ಸಲ ಆ ಕೌಂಟರ್ ದಾಟಿದೆಯೋ ಏನೋ. ಕೊಡಲಿಲ್ಲ ನಾನು.

ಅದಕ್ಕೇ ಹೇಳುತ್ತಿದ್ದೇನೆ. ಟ್ಯಾಗ್ ಬಿಚ್ಚದಿದ್ದರೆ ದುಡ್ಡು ಬಿಚ್ಚಬೇಡಿ. ಸ್ಲೈಡ್ ಎಳೆಸಿ, ಒಳಗೆ ಗುಂಡಿಲ್ಲ ಅಂತ ಕಣ್ಣಾರೆ ನೋಡಿ, ಎಣ್ಣೆ ಒರೆಸಿಸಿ, ಚೇಂಬರ್ ಬಾಯಿಯ ಸುತ್ತ ಟಾರ್ಚ್ ಬಿಡಿ. ವಾಪಸ್ ಮಾತು 4473 ತುಂಬುವ ಮುಂಚೆಯೇ ಬರಹದಲ್ಲಿ ಇರಲಿ. ತೊಂದರೆ ಬಂದರೆ "ಗುಂಡು ಸರಿಯಿಲ್ಲ" ಅನ್ನುವವನಿಗೆ ಹಾರದ ಗುಂಡನ್ನು ಬೇರೆ ಪಿಸ್ತೂಲಿನಲ್ಲಿ ಹೊಡೆದು ತೋರಿಸಿ. ಹಳೇ ಮಾರ್ಕ್ ಫೋರ್ ಸಿಕ್ಕರೆ ಇನ್ನೊಂದು ವಿಷಯ: 2017ರ ಜೂನ್ 1ಕ್ಕಿಂತ ಮುಂಚೆ ತಯಾರಾದವನ್ನು ಸೇಫ್ಟಿ ತೊಂದರೆಗಾಗಿ ಕಂಪನಿಯೇ ವಾಪಸ್ ಕರೆದಿತ್ತು. ಸೇಫ್ಟಿ ಲಿವರ್ (ಗುಂಡು ಹಾರದಂತೆ ತಡೆಯುವುದು) ಅರ್ಧಕ್ಕೆ ನಿಂತಿದ್ದಾಗ ಟ್ರಿಗರ್ ಎಳೆದರೆ, ಆಮೇಲೆ ಲಿವರ್ ತಳ್ಳಿದಾಗ ಗುಂಡು ಹಾರುವ ಅಪಾಯ ಇತ್ತು. ಸರಿಪಡಿಸಿದ್ದರೆ ಸೇಫ್ಟಿಯ 'ಎಸ್' ಅಕ್ಷರದಲ್ಲಿ ಒಂದು ಚುಕ್ಕಿ ಇರುತ್ತದೆ. ಚುಕ್ಕಿ ಇಲ್ಲದಿದ್ದರೆ ಮುಟ್ಟಬೇಡಿ.

H-1Bಯಲ್ಲಿ ಇರುವವರಿಗೆ ಒಂದು ಮಾತು, ಏಕೆಂದರೆ ಇದನ್ನು ಹೇಳಿಕೊಂಡ ಮೇಲೆ ಇಬ್ಬರು "ನಿನ್ನ ಹೆಸರಲ್ಲಿ ನಮಗೊಂದು ತೆಗೆದುಕೊಡು" ಅಂದರು. ಖಂಡಿತ ಇಲ್ಲ. ಆ ವೀಸಾದಲ್ಲಿ ಗನ್ ಕೊಳ್ಳುವಂತಿಲ್ಲ, ಹಂಟಿಂಗ್ ಲೈಸೆನ್ಸ್‌ನಂಥ ಕೆಲವೇ ವಿನಾಯಿತಿ ಇವೆ. ಬೇರೆಯವರಿಗಾಗಿ ನನ್ನ ಹೆಸರು ಬರೆದರೆ ಅದು ಫೆಡರಲ್ ಅಪರಾಧ, ಇಬ್ಬರದೂ ಬಾಳು ಹಾಳು.

ಪಿಸ್ತೂಲ್ ಈಗ ಬೇರೆ ಊರಿನ ಒಬ್ಬ ಹಿರಿಯ ಗನ್‌ಸ್ಮಿತ್ ಹತ್ತಿರ ಇದೆ. ಚೇಂಬರ್ ಐರನ್ ಅನ್ನುವ ಸಲಕರಣೆ ಹಾಕಿ ಉಬ್ಬಿದ ಲೋಹವನ್ನು ಹಿಂದಕ್ಕೆ ಒತ್ತಬಹುದು, ಮುಕ್ಕಾಲು ಭಾಗ ಸರಿಹೋಗಬಹುದು, ಪೂರ್ತಿ ಅಂತ ಮಾತು ಕೊಡಲ್ಲ ಅಂದಿದ್ದಾರೆ. ಆ ಖರ್ಚಿನ ಬಿಲ್ಲನ್ನೂ ಫೋಟೋಗಳನ್ನೂ ಅಂಗಡಿಗೆ ಇಮೇಲ್ ಮಾಡಿದೆ. ಉತ್ತರ ಬಂತು: "ನಿಮ್ಮ ಅನುಭವಕ್ಕೆ ವಿಷಾದಿಸುತ್ತೇವೆ. ಯೂಸ್ಡ್ ಗನ್ ಕೊಳ್ಳುವ ಮುಂಚೆ ಗ್ರಾಹಕರು ಚೆನ್ನಾಗಿ ಪರಿಶೀಲಿಸಬೇಕು." ಟ್ಯಾಗ್ ಬಿಚ್ಚಲು ಒಪ್ಪದವರು ಬರೆದಿದ್ದು ಇದು. ಡಲ್ಲಾಸ್ ಸುತ್ತಮುತ್ತ .22 ಹುಡುಕುತ್ತಿರುವವರು, ನನ್ನ ಪರಿಚಯ ಇರುವವರು, ಅಂಗಡಿಗೆ ಕಾಲಿಡುವ ಮುಂಚೆ ಒಂದು ಫೋನ್ ಮಾಡಿ. ಯಾವುದು ಅಂತ ಹೇಳುತ್ತೇನೆ.