ಕೊಲೋನ್‌ನಿಂದ ಮೈಸೂರಿಗೆ: ಮೂರು ಡಿಸೆಂಬರ್, ಮೂರು ಅಗ್ಗದ ದಾರಿಗಳು

ನಾನು ಜರ್ಮನಿಯ ಕೊಲೋನ್ ನಗರದಲ್ಲಿ ನೆಲೆಸಿರುವವಳು, ತವರು ಮೈಸೂರು. ಊರಿಗೆ ಬರಲು ಎಲ್ಲಕ್ಕಿಂತ ಸುಲಭವಾದ ದಾರಿ ಯಾವುದೆಂಬುದರಲ್ಲಿ ನನಗೆ ಸಂದೇಹವಿಲ್ಲ: ವೇಗದ ರೈಲಿನಲ್ಲಿ ಒಂದು ಗಂಟೆ ಕೂತರೆ ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣ, ಅಲ್ಲಿಂದ ಸುಮಾರು ಒಂಬತ್ತು ಗಂಟೆಯ ನೇರ ಹಾರಾಟದಲ್ಲಿ ಬೆಂಗಳೂರು. ಆದರೆ ಕ್ರಿಸ್‌ಮಸ್ ರಜೆಯ ಆಸುಪಾಸಿನಲ್ಲಿ ಈ ನೇರ ವಿಮಾನದ ಹೋಗಿಬರುವ ಟಿಕೆಟ್ ನಾನು ನೋಡಿದಾಗಲೆಲ್ಲ 900 ಯೂರೋ ದಾಟಿಯೇ ಇತ್ತು. ಆದ್ದರಿಂದ 2022ರಿಂದ 2024ರವರೆಗಿನ ಮೂರು ಡಿಸೆಂಬರ್‌ಗಳಲ್ಲಿ, ನಡುವೆ ವಿಮಾನ ಬದಲಿಸಬೇಕಾದ ಮೂರು ಬೇರೆ ದಾರಿಗಳಲ್ಲಿ ಬಂದು ನೋಡಿದೆ.

ಮೊದಲ ವರ್ಷ ನಾನು ಆರಿಸಿಕೊಂಡದ್ದು ಕಾಗದದ ಮೇಲೆ ಎಲ್ಲಕ್ಕಿಂತ ಅಗ್ಗವಾಗಿ ಕಂಡ ದಾರಿ. ಮುಂಬೈವರೆಗೆ 560 ಯೂರೋ ಟಿಕೆಟ್ ಒಂದು, ಮುಂಬೈಯಿಂದ ಬೆಂಗಳೂರಿಗೆ ಹೋಗಿಬರಲು ಸುಮಾರು 9,000 ರೂಪಾಯಿಯ ಬೇರೆ ಟಿಕೆಟ್. ಎರಡೂ ಸೇರಿ 663 ಯೂರೋ. ಅದೇ ವಾರ ಕೊಲ್ಲಿ ದೇಶದ ಮೂಲಕ ಬೆಂಗಳೂರಿನವರೆಗೆ ಒಂದೇ ಟಿಕೆಟ್ಟಿಗೆ 740 ಯೂರೋ ಇತ್ತು. ಉಳಿಯಬೇಕಿದ್ದ 77 ಯೂರೋ ಉಳಿಯಲಿಲ್ಲ. ನಡುವಿನ ಊರಿನಿಂದ ವಿಮಾನ ಹೊರಡುವುದೇ ಎರಡು ಗಂಟೆ ತಡವಾಯಿತು. ಮುಂಬೈಯಲ್ಲಿ ಇಮಿಗ್ರೇಷನ್ ಸಾಲು ಮುಗಿಸಿ, ಬೆಲ್ಟಿನ ಮೇಲೆ ಸೂಟ್‌ಕೇಸ್ ಬರುವವರೆಗೆ ಕಾದು, ಕಸ್ಟಮ್ಸ್ ದಾಟಿ ಹೊರಗೆ ಬಂದು, ಮತ್ತೆ ಒಳಗೆ ಹೋಗಲು ಬಾಗಿಲಿನಲ್ಲಿ ಟಿಕೆಟ್ ತೋರಿಸುವ ಹೊತ್ತಿಗೆ ದೇಶೀಯ ವಿಮಾನದ ಕೌಂಟರ್ ಮುಚ್ಚಿ ಹತ್ತು ನಿಮಿಷವಾಗಿತ್ತು. ಎರಡು ಟಿಕೆಟ್‌ಗಳಿಗೂ ಪರಸ್ಪರ ಸಂಬಂಧವಿಲ್ಲದ ಕಾರಣ, ಮೊದಲನೆಯವರ ತಡಕ್ಕೆ ಎರಡನೆಯವರು ಹೊಣೆಯಲ್ಲ, ನಾನು ತಪ್ಪಿಸಿಕೊಂಡ ವಿಮಾನಕ್ಕೆ ಮೊದಲನೆಯವರು ಹೊಣೆಯಲ್ಲ. ಹೊಸ ಟಿಕೆಟ್ಟಿಗೆ 8,900 ರೂಪಾಯಿ ಕೊಟ್ಟೆ. ಇಷ್ಟಕ್ಕೂ ಮುಗಿಯಲಿಲ್ಲ: ಅಂತರರಾಷ್ಟ್ರೀಯ ಟಿಕೆಟ್ಟಿನಲ್ಲಿ 30 ಕಿಲೋ ಒಯ್ಯಲು ಅವಕಾಶವಿದ್ದರೆ ದೇಶೀಯ ಟಿಕೆಟ್ಟಿನಲ್ಲಿ ಇದ್ದದ್ದು 15 ಕಿಲೋ ಮಾತ್ರ, ನನ್ನ ಪೆಟ್ಟಿಗೆ ತೂಗಿದ್ದು 25. ಕೌಂಟರಿನ ಮುಂದೆ ನೆಲದ ಮೇಲೆ ಪೆಟ್ಟಿಗೆ ಬಿಚ್ಚಿ, ಅಕ್ಕನ ಮಕ್ಕಳಿಗೆಂದು ತಂದ ಚಾಕೊಲೇಟ್ ಡಬ್ಬಿಗಳನ್ನೂ ಅಪ್ಪನ ಉಣ್ಣೆಯ ಕೋಟನ್ನೂ ಕೈಚೀಲಕ್ಕೆ ತುರುಕಲು ನೋಡಿದೆ. ಕೈಚೀಲವನ್ನೂ ತೂಗುತ್ತಾರೆಂದು ತಿಳಿದು ಎಲ್ಲವನ್ನೂ ಮತ್ತೆ ಒಳಗಿಟ್ಟು 5,500 ರೂಪಾಯಿ ಕಟ್ಟಿದೆ. ಒಟ್ಟು ಖರ್ಚು 827 ಯೂರೋ ಮುಟ್ಟಿತು. ಅಂದರೆ ನಾನು ಬೇಡವೆಂದು ಬಿಟ್ಟ ಒಂದೇ ಟಿಕೆಟ್ಟಿಗಿಂತ 87 ಯೂರೋ ಹೆಚ್ಚು.

2023ರಲ್ಲಿ ಕೊಲೋನ್ ಪಕ್ಕದ ಡ್ಯುಸೆಲ್‌ಡಾರ್ಫ್‌ನಿಂದ ದೋಹಾ ಮೂಲಕ ಬೆಂಗಳೂರಿಗೆ ಒಂದೇ ಟಿಕೆಟ್ ಕೊಂಡೆ, 705 ಯೂರೋ. ದೋಹಾವರೆಗೆ ಸುಮಾರು ಆರು ಗಂಟೆ, ಅಲ್ಲಿಂದ ನಾಲ್ಕು ಗಂಟೆ, ನಡುವೆ ಎರಡು ಗಂಟೆಗೆ ಐದು ನಿಮಿಷ ಕಡಿಮೆ. ಸೂಟ್‌ಕೇಸ್ ಡ್ಯುಸೆಲ್‌ಡಾರ್ಫ್‌ನಲ್ಲಿ ಕೈಬಿಟ್ಟರೆ ಮತ್ತೆ ಕಂಡದ್ದು ದೇವನಹಳ್ಳಿಯ ಎರಡನೇ ಟರ್ಮಿನಲ್ಲಿನಲ್ಲಿ. ದೋಹಾದಲ್ಲಿ ಮತ್ತೊಮ್ಮೆ ಭದ್ರತಾ ತಪಾಸಣೆ ಮುಗಿಸಿ, ನಿಲ್ದಾಣದೊಳಗಿನ ಆ ದೊಡ್ಡ ಹಳದಿ ಕರಡಿಯ ಪ್ರತಿಮೆಯ ಪಕ್ಕದಲ್ಲಿ ಹಾದು ಗೇಟಿಗೆ ನಡೆಯುವುದಷ್ಟೇ ನನ್ನ ಪಾಲಿನ ಕೆಲಸವಾಗಿತ್ತು.

ಒಂದೇ ಟಿಕೆಟ್ಟಿನ ಬೆಲೆಯನ್ನು ಅಳೆಯುವಾಗ ಹೆಚ್ಚಿನವರು ಗಮನಿಸದ ಇನ್ನೊಂದು ಅಂಶವಿದೆ. ಐರೋಪ್ಯ ಒಕ್ಕೂಟದ 261/2004 ನಿಯಮದಂತೆ, ಒಕ್ಕೂಟದ ನಿಲ್ದಾಣದಿಂದ ಹೊರಟ ಪ್ರಯಾಣಿಕರು ವಿಮಾನ ಸಂಸ್ಥೆಯ ಕಾರಣದಿಂದ ಕೊನೆಯ ಊರನ್ನು ಮೂರು ಗಂಟೆ ಅಥವಾ ಅದಕ್ಕಿಂತ ಹೆಚ್ಚು ತಡವಾಗಿ ತಲುಪಿದರೆ ಪರಿಹಾರ ಕೇಳಬಹುದು. ಭಾರತದಷ್ಟು ದೂರಕ್ಕೆ ಅದು 600 ಯೂರೋವರೆಗೆ ಇರುತ್ತದೆ. ಒಂದೇ ಬುಕಿಂಗ್ ಆಗಿದ್ದರೆ ಈ ಕೊನೆಯ ಊರು ಬೆಂಗಳೂರು. ಟಿಕೆಟ್ ಒಡೆದು ಕೊಂಡರೆ ಅದು ಮುಂಬೈ. ಬೆಂಗಳೂರಿನಿಂದ ಮರಳುವಾಗ ಮಾತ್ರ ಲೆಕ್ಕ ಬೇರೆ: ಐರೋಪ್ಯ ಒಕ್ಕೂಟದ ಸಂಸ್ಥೆಯ ವಿಮಾನವಾದರೆ ಈ ನಿಯಮ ಅನ್ವಯಿಸುತ್ತದೆ, ಕೊಲ್ಲಿ ದೇಶದ ಸಂಸ್ಥೆಯದಾದರೆ ಅನ್ವಯಿಸುವುದಿಲ್ಲ. ಬೆಲೆ ಹತ್ತಿಪ್ಪತ್ತು ಯೂರೋ ಆಚೀಚೆ ಇದ್ದರೆ ನಾನು ಈ ಕಾರಣಕ್ಕೇ ಒಕ್ಕೂಟದ ಸಂಸ್ಥೆಯ ಕಡೆ ವಾಲುತ್ತೇನೆ.

ಮೂರನೆಯ ವರ್ಷ ಬೆಲ್ಜಿಯಂನ ಬ್ರಸೆಲ್ಸ್‌ನಿಂದ ಹೊರಟೆ. ಪಕ್ಕದ ದೇಶದಿಂದ ಹಾರಿದರೆ ಅದೇ ಬೆಂಗಳೂರಿಗೆ ಬೇರೆಯೇ ದರವಿರುತ್ತದೆ: ಡ್ಯುಸೆಲ್‌ಡಾರ್ಫ್‌ನಿಂದ 720 ಯೂರೋ ಇದ್ದ ದಿನಗಳಿಗೆ ಬ್ರಸೆಲ್ಸ್‌ನಿಂದ 610 ಇತ್ತು. ಕೊಲೋನ್‌ನಿಂದ ಬ್ರಸೆಲ್ಸ್‌ಗೆ ರೈಲಿನಲ್ಲಿ ಎರಡು ಗಂಟೆಯ ಹಾದಿ, ಹೋಗಿಬರಲು 58 ಯೂರೋ. ಉಳಿದದ್ದು 52 ಯೂರೋ. ಆದರೆ ಅಗ್ಗದ ರೈಲು ಟಿಕೆಟ್ ಒಂದು ನಿರ್ದಿಷ್ಟ ರೈಲಿಗಷ್ಟೇ ಸಲ್ಲುವುದರಿಂದ, ಮರಳುವಾಗ ವಿಮಾನ ತಡವಾದೀತೆಂಬ ಭಯಕ್ಕೆ ನಾಲ್ಕು ಗಂಟೆಯ ಅಂತರ ಬಿಟ್ಟಿದ್ದೆ, ವಿಮಾನ ಸಮಯಕ್ಕೆ ಸರಿಯಾಗಿ ಇಳಿದು ಜನವರಿಯ ಚಳಿಯಲ್ಲಿ ನಿಲ್ದಾಣದಲ್ಲೇ ಕೂತೆ. ಇಬ್ಬರು ಮೂವರು ಒಟ್ಟಿಗೆ ಹೊರಡುವ ಕುಟುಂಬಕ್ಕೆ ಈ ದಾರಿ ಒಗ್ಗೀತು. ಒಬ್ಬಳಿಗೆ ಅಷ್ಟು ಉಳಿತಾಯ ಸಾಲದು.

ಹುಡುಕಲು ಗೂಗಲ್ ಫ್ಲೈಟ್ಸ್ ಮತ್ತು ಸ್ಕೈಸ್ಕ್ಯಾನರ್ ಎರಡನ್ನೂ ಬಳಸಿದ್ದೇನೆ. ಮೊದಲನೆಯದರಲ್ಲಿ ನಾಲ್ಕಾರು ನಿಲ್ದಾಣಗಳನ್ನು ಒಟ್ಟಿಗೆ ಕೊಟ್ಟು ದಿನವಾರು ದರದ ಕ್ಯಾಲೆಂಡರ್ ನೋಡುವುದು ಸಲೀಸು. ಎರಡನೆಯದು ಸಣ್ಣಪುಟ್ಟ ಏಜೆಂಟರ ಇನ್ನೂ ಕಡಿಮೆ ದರಗಳನ್ನು ತೋರಿಸುತ್ತದೆ. ಅಂತಹ ಏಜೆಂಟರೊಬ್ಬರಲ್ಲಿ 30 ಯೂರೋ ಉಳಿಸಿದ್ದೆ. ವಿಮಾನದ ವೇಳೆ ಬದಲಾದಾಗ ಸಂಸ್ಥೆಯವರು ಏಜೆಂಟರನ್ನೇ ಕೇಳಿ ಎಂದರು, ಏಜೆಂಟರು ಒಂಬತ್ತು ದಿನ ಉತ್ತರಿಸಲಿಲ್ಲ. ಅಂದಿನಿಂದ ಹುಡುಕುವುದು ಎಲ್ಲಾದರೂ ಸರಿ, ಕೊಳ್ಳುವುದು ಸಂಸ್ಥೆಯ ಜಾಲತಾಣದಲ್ಲೇ.

2024ರ ಮೇ ತಿಂಗಳಲ್ಲಿ ಅಮ್ಮ ಒಬ್ಬರೇ ನನ್ನಲ್ಲಿಗೆ ಬರುವಾಗ ನಾನು ದರದ ಪಟ್ಟಿಯಲ್ಲಿ ಮೊದಲಿಗೆ ಬರುವ ಅತಿ ಅಗ್ಗದ ಐದು ಸಾಲುಗಳನ್ನು ಓದದೆ ಬಿಟ್ಟೆ. ಅವರ ಮಂಡಿ ನೋವಿಗೆ ಗಾಲಿಕುರ್ಚಿ ಬೇಕಿತ್ತು, ಇಂಗ್ಲಿಷಿನಲ್ಲಿ ವಾದಿಸಿ ಅಭ್ಯಾಸವಿಲ್ಲ. ದೋಹಾ ಮೂಲಕ ಒಂದೇ ಟಿಕೆಟ್, ನಡುವೆ ಮೂರೂವರೆ ಗಂಟೆ, ಬುಕಿಂಗಿನಲ್ಲೇ ಗಾಲಿಕುರ್ಚಿಯ ಕೋರಿಕೆ. ಡ್ಯುಸೆಲ್‌ಡಾರ್ಫ್‌ನ ಹೊರಬಾಗಿಲಿನಲ್ಲಿ ನನ್ನನ್ನು ಕಂಡೊಡನೆ ಅವರು ಹೇಳಿದ್ದು ಇಷ್ಟೇ: “ಇಳಿದ ಕಡೆಯೆಲ್ಲ ಒಬ್ಬರು ನನ್ನ ಹೆಸರು ಬರೆದ ಚೀಟಿ ಹಿಡ್ಕೊಂಡು ನಿಂತಿದ್ರು ಕಣೇ, ನಾನು ಯಾರನ್ನೂ ಏನೂ ಕೇಳಲೇ ಇಲ್ಲ.”